ಸರೋಜಕ್ಕ ನಿಂತಿದ್ದ ಜಾಗ

“ನಿಮ್ದು ಯಾವ ಭಾಷೆ? ತೆಲುಗಾ?” ಎಂದು ಹೇರೋಹಳ್ಳಿಯ ಮನೆಯೊಡತಿ ಕೇಳಿದಾಗ ನಾನು ಅವರೊಂದಿಗೆ ಅಷ್ಟು ಹೊತ್ತೂ ಕನ್ನಡದಲ್ಲೇ ಮಾತನಾಡುತ್ತಿದ್ದೆ. ನೀರು ಯಾವಾಗ ಬಿಡುತ್ತಾರೆ, ಕಸ ಎಲ್ಲಿ ಚೆಲ್ಲಬೇಕು ಎಂದಷ್ಟೇ ಕೇಳಿದ್ದೆ. “ಕನ್ನಡಾನ ಐತ್ರಿ” ಎಂದೆ. ಅವರು ನಕ್ಕರು. ಕೆಟ್ಟ ನಗುವೇನಲ್ಲ. ಆದರೆ ಕುಷ್ಟಗಿಯಿಂದ ಬಂದ ನಾನು ನನ್ನ ರಾಜ್ಯದ ರಾಜಧಾನಿಯಲ್ಲಿ, ಬಾಡಿಗೆ ಮನೆಯ ಬಾಗಿಲಲ್ಲಿ ನಿಂತು ಪರದೇಶಿಯಾದೆ.

ಗಂಡನಿಗೆ ಇಲ್ಲಿ ಟೈಲ್ಸ್ ಹಾಕುವ ಕೆಲಸವಿತ್ತು. ಹೇರೋಹಳ್ಳಿಯಲ್ಲಿ ಹೊಸ ಮನೆಗಳು ಏಳುತ್ತಲೇ ಇದ್ದವು, ರಸ್ತೆಗಳು ಮಾತ್ರ ಹೊಲದ ದಾರಿಯಂತೆಯೇ ಉಳಿದಿದ್ದವು. ನಮ್ಮ ಕಡೆ ಬೆಳಗಾಗುವುದೇ ರೊಟ್ಟಿ ಬಡಿಯುವ ಸಪ್ಪಳದಿಂದ. ಇಲ್ಲಿ ಆ ಸಪ್ಪಳಕ್ಕೆ ಮೇಲಿನ ಮನೆಯವರು ಇಳಿದು ಬಂದು, ಏನು ಕುಟ್ಟುತ್ತೀರಿ, ಮಗು ಏಳುತ್ತದೆ ಎಂದರು. ನಾನು ಮೆಲ್ಲಗೆ ತಟ್ಟಲು ಕಲಿತೆ. ರೊಟ್ಟಿ ದಪ್ಪವಾಯಿತು. ಗಂಡ ಅದನ್ನೇ ತಿಂದ. ಅಂಗಡಿಯಲ್ಲಿ ಈರುಳ್ಳಿಗೆ ಉಳ್ಳಾಗಡ್ಡಿ ಎಂದು ಕೇಳಿದರೆ ಒಮ್ಮೆ ಆಲೂಗಡ್ಡೆ ತೂಗಿಕೊಟ್ಟರು. ಇದಲ್ಲ ಎಂದು ಹೇಳಿದರೆ ಮತ್ತೆ ನಗುತ್ತಾರೇನೋ ಎಂದು ಅದನ್ನೇ ತಂದು ಪಲ್ಯ ಮಾಡಿದೆ. ಈ ಊರಿನಲ್ಲಿ ನಾನು ಮೊದಲು ಕಲಿತದ್ದು ಸುಮ್ಮನಿರುವುದನ್ನು.

ಮಾಗಡಿ ರಸ್ತೆಯ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಹೊಲಿಗೆ ಯಂತ್ರಗಳ ಸಾಲಿಗೆ ಲೈನು ಎನ್ನುತ್ತಾರೆ. ಒಬ್ಬಳು ಕಾಲರ್ ಹೊಲಿದು ಮುಂದಕ್ಕೆ ಕೊಟ್ಟರೆ ಇನ್ನೊಬ್ಬಳು ತೋಳು ಕೂಡಿಸುತ್ತಾಳೆ, ಸಾಲಿನ ಕೊನೆಗೆ ಅಂಗಿಯಾಗುತ್ತದೆ. ನಮ್ಮ ಲೈನಿನ ಸೂಪರ್‌ವೈಸರ್ ಸರೋಜಕ್ಕ. ಗೋವಿಂದರಾಜನಗರದಲ್ಲೇ ಹುಟ್ಟಿ ಬೆಳೆದವರು, ಗಂಡ ತೀರಿಹೋದ ಮೇಲೆ ಒಬ್ಬರೇ ದುಡಿದು ಮಗಳನ್ನು ಓದಿಸುತ್ತಿದ್ದರು.

ಸೇರಿದ ಹೊಸದರಲ್ಲಿ ಮ್ಯಾನೇಜರ್ ಏನೋ ಕೇಳಿದಾಗ “ಹೂನ್ರೀ” ಎಂದುಬಿಟ್ಟೆ. ಇಡೀ ಲೈನು ನಕ್ಕಿತು. ನಾವು ದಾರಿಹೋಕರಿಗೂ ಮರ್ಯಾದೆಯಿಂದ ‘ರೀ’ ಹಚ್ಚುವವರು. ಇಲ್ಲಿ ಹೆಂಡತಿ ಗಂಡನನ್ನು ಹಾಗೆ ಕರೆಯುತ್ತಾಳಂತೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸರೋಜಕ್ಕ ಯಾರನ್ನೂ ಗದರಲಿಲ್ಲ. ಮಧ್ಯಾಹ್ನ ನನ್ನ ಪಕ್ಕ ಬಂದು ಕುಳಿತು ಡಬ್ಬಿ ಬಿಚ್ಚಿದರು, ನನ್ನ ಶೇಂಗಾ ಚಟ್ನಿ ಕೇಳಿ ಹಾಕಿಸಿಕೊಂಡರು, ತಮ್ಮ ಚಿತ್ರಾನ್ನ ನನ್ನ ಮುಚ್ಚಳಕ್ಕೆ ಬಡಿಸಿದರು. ಮರುದಿನ ಉಳಿದವರೂ ಡಬ್ಬಿ ಹಿಡಿದು ಅಲ್ಲಿಗೇ ಬಂದರು. ಅಲ್ಲಿಂದ ಮುಂದೆ ಬೆಂಗಳೂರು ಎಂದರೆ ನನಗೆ ಆ ಊಟದ ಹೊತ್ತು.

ಆದರೂ ಅಧಿಕಾರಿಗಳ ಮುಂದೆ ನಾನು ಬಾಯಿ ತೆರೆಯಲಿಲ್ಲ. ವರ್ಷಗಳು ಹೋದವು. ಟೈಲರ್ ಆಗಿದ್ದವಳು ಚೆಕಿಂಗ್ ಟೇಬಲ್ಲಿಗೆ ಬಂದೆ, ಹೊಲಿದ ಅಂಗಿಗಳ ತಪ್ಪು ಹುಡುಕುವ ಕೆಲಸಕ್ಕೆ. ಅಲ್ಲೇ ನಿಂತೆ. ನಾನು ಕೈಹಿಡಿದು ಕಲಿಸಿದ ಹುಡುಗಿಯರು ಬೇರೆ ಲೈನುಗಳಿಗೆ ಸೂಪರ್‌ವೈಸರ್ ಆಗಿ ಹೋದರು. ಒಮ್ಮೆ ತರಬೇತಿಗೆ ಬಂದ ಹೆಣ್ಣುಮಗಳೊಬ್ಬಳು, ಕುರ್ಚಿ ಸಿಗಲಿ ಎಂದು ಕಾಯಬೇಡಿ, ಇಂದಿನಿಂದಲೇ ನಾಯಕಿಯಂತೆ ಯೋಚಿಸಿ ಎಂದು ಹೇಳಿದಳು. ನಾವೆಲ್ಲ ಚಪ್ಪಾಳೆ ತಟ್ಟಿ ಬಿಸ್ಕತ್ತು ತಿಂದು ಯಂತ್ರಗಳಿಗೆ ಮರಳಿದೆವು. ಸಂಜೆ ಗಂಡನಿಗೆ ಹೇಳಿದರೆ ಅವನು, “ಕೆಲಸ ನಿನಗ ಬರ್ತೈತಿ. ನೀ ಮಾತಾಡಂಗಿಲ್ಲ, ಅದಕ್ಕ ಅಲ್ಲೇ ಅದಿ” ಎಂದ.

ಆ ವರ್ಷವೇ ಸರೋಜಕ್ಕನಿಗೆ ಲಕ್ವ ಹೊಡೆಯಿತು. ಕೆಲ ತಿಂಗಳ ನಂತರ ಮರಳಿ ಬಂದರು. ಕೈಕಾಲು ಸುಧಾರಿಸಿತ್ತು, ಆದರೆ ಬಾಯಿ ತುಸು ಓರೆಯಾಗಿತ್ತು, ಮಾತು ನಾಲಿಗೆಯ ಮೇಲೆ ತಡೆಯುತ್ತಿತ್ತು. ಇನ್ನೆರಡು ವರ್ಷ ದೂಡಿದರೆ ನಿವೃತ್ತಿ. ಅಷ್ಟರಲ್ಲಿ ಮಗಳ ಓದೂ ಮುಗಿಯುತ್ತದೆ ಎಂಬುದು ಅವರ ಲೆಕ್ಕ.

ದಿನಾ ಬೆಳಿಗ್ಗೆ ಸೂಪರ್‌ವೈಸರುಗಳ ಮೀಟಿಂಗ್ ಇರುತ್ತಿತ್ತು. ಅವರು ಮರಳಿದ ಮರುದಿನ ನಾನು ಮಾದರಿ ಅಂಗಿಗಳನ್ನು ಹೊತ್ತು ಅವರ ಹಿಂದೆ ಹೋಗಿದ್ದೆ. ಹಿಂದಿನ ದಿನ ಟಾರ್ಗೆಟ್ ಏಕೆ ತಪ್ಪಿತು ಎಂದು ಮ್ಯಾನೇಜರ್ ಕೇಳಿದರು. ಸರೋಜಕ್ಕ ಬಾಯಿ ತೆರೆದರು; “ಕಾ... ಕಾ...” ಎಂದು ಅಲ್ಲೇ ನಿಂತರು. ಮ್ಯಾನೇಜರ್ ಮೊಬೈಲ್ ನೋಡತೊಡಗಿದರು. ಯಾರೋ ನಗುವನ್ನು ಕೆಮ್ಮಿನಲ್ಲಿ ಮುಚ್ಚಿದರು. ಆ ಸದ್ದು ನನಗೆ ಗೊತ್ತಿತ್ತು. ಸರೋಜಕ್ಕನ ಕಣ್ಣು ನನ್ನ ಕಡೆ ತಿರುಗಿತು.

“ಸಾರ್, ಕಾಲರ್ ತಡ ಆಗಿ ಬಂದುವ್ರಿ” ಎಂದೆ. “ಕಟಿಂಗ್‌ನವರು ಹೊತ್ತಿಗೆ ಸರಿಯಾಗಿ ಕೊಟ್ರ ನಮ್ಮ ಲೈನು ಹಿಂದ ಬೀಳಂಗಿಲ್ರಿ.”

ಯಾರೂ ನಗಲಿಲ್ಲ. ಕಟಿಂಗ್‌ನವರಿಗೆ ಹೇಳುತ್ತೇನೆ ಎಂದು ಮ್ಯಾನೇಜರ್ ಮುಂದಿನವರ ಕಡೆ ತಿರುಗಿದರು. ಮೆಟ್ಟಿಲು ಇಳಿಯುವಾಗ ಸರೋಜಕ್ಕ ನನ್ನ ಕೈ ಹಿಡಿದುಕೊಂಡರು, ಕೊನೆಯ ಮೆಟ್ಟಿಲಿನವರೆಗೂ ಬಿಡಲಿಲ್ಲ.

ಅಂದಿನಿಂದ ಅವರು ಚಹಾ ಕುಡಿಯುವಾಗ ನಿಧಾನವಾಗಿ ಹೇಳಿಕೊಡುತ್ತಿದ್ದರು, ನಾನು ಮೀಟಿಂಗಿನಲ್ಲಿ ಹೇಳುತ್ತಿದ್ದೆ. ಯಾರಿಗೆ ಬೈದರೆ ಕೆಲಸ ಆಗುತ್ತದೆ, ಯಾರಿಗೆ ಬೈದರೆ ಕೈ ನಡುಗುತ್ತದೆ, ಮನೆಯಲ್ಲಿ ಜಗಳವಾಡಿ ಬಂದವಳಿಗೆ ಮೊದಲ ಒಂದು ತಾಸು ಸುಲಭದ ಹೊಲಿಗೆ ಏಕೆ ಕೊಡಬೇಕು, ಎಲ್ಲ ಕಲಿಸಿದರು. ಬರಬರುತ್ತಾ ಅವರು ಹೇಳಿಕೊಡದ ಮಾತುಗಳನ್ನೂ ನಾನು ಆಡತೊಡಗಿದೆ. ಕೆಟ್ಟ ಫ್ಯಾನು ರಿಪೇರಿಯಾಯಿತು. ಬಸುರಿಯೊಬ್ಬಳಿಗೆ ಕುಳಿತು ಮಾಡುವ ಕೆಲಸ ಕೊಡಿಸಿದೆ. ಸರೋಜಕ್ಕನ ಕೆಲಸ ಉಳಿಯಲಿ ಎಂಬುದೊಂದೇ ಆಗ ನನ್ನ ಮನಸ್ಸಿನಲ್ಲಿ ಇದ್ದದ್ದು.

ಮ್ಯಾನೇಜರ್ ಒಂದು ದಿನ ನನ್ನೊಬ್ಬಳನ್ನೇ ಕರೆಸಿದರು. ಮುಂದಿನ ತಿಂಗಳಿಂದ ನಾನೇ ಸೂಪರ್‌ವೈಸರ್, ಸರೋಜಮ್ಮನನ್ನು ಪ್ಯಾಕಿಂಗಿಗೆ ಹಾಕುತ್ತೇವೆ, ಪಾಪ ಅವರಿಗೂ ವಿಶ್ರಾಂತಿ ಬೇಕಲ್ಲ ಎಂದರು. ನನಗೆ ಬೇಡ ಎಂದು ಹೇಳಲೇ ಸರೋಜಕ್ಕನ ಹತ್ತಿರ ಹೋದೆ. ಅವರಿಗೆ ಆಗಲೇ ಗೊತ್ತಾಗಿತ್ತು. ಟೇಬಲ್ಲಿನ ಅಂಚು ಹಿಡಿದು ಒಂದೊಂದೇ ಮಾತು ಜೋಡಿಸಿದರು.

“ನೀನು ಬೇಡ ಅಂದ್ರೆ... ಇನ್ಯಾರನ್ನೋ ತರ್ತಾರೆ ಕಣೇ. ನನ್ ಹುಡ್ಗೀರ್ನ... ಗೊತ್ತಿಲ್ದೋರ್ ಕೈಗೆ ಕೊಡ್ಬೇಡ.”

ನಾನು ಅತ್ತೆ. ಅವರು ಅಳಲಿಲ್ಲ. ಅವರನ್ನು ನಮ್ಮ ಲೈನಿನ ಚೆಕಿಂಗ್ ಟೇಬಲ್ಲಿನಲ್ಲೇ ಉಳಿಸಿದರೆ ಮಾತ್ರ ಒಪ್ಪುತ್ತೇನೆ ಎಂದು ಮ್ಯಾನೇಜರಿಗೆ ಹೇಳಿದೆ. ಮ್ಯಾನೇಜರ್ ಒಪ್ಪಿದರು. ಮೊದಲ ದಿನ ಹುಡುಗಿಯೊಬ್ಬಳು ರಜೆ ಕೇಳಲು ಅಭ್ಯಾಸದಂತೆ ಸರೋಜಕ್ಕನ ಬಳಿ ಹೋದಳು. ಅವರು ಕೈಯಲ್ಲಿದ್ದ ಅಂಗಿಯಿಂದ ಕಣ್ಣೆತ್ತಲಿಲ್ಲ. ಆ ಹುಡುಗಿ ಸ್ವಲ್ಪ ಹೊತ್ತು ನಿಂತು, ನನ್ನ ಕಡೆ ಬಂದಳು. ತಿಂಗಳು ತುಂಬುವ ಮೊದಲೇ ಸರೋಜಕ್ಕ ರಾಜೀನಾಮೆ ಕೊಟ್ಟರು. ತಾವು ಎದುರಿಗೇ ಇದ್ದರೆ ಹುಡುಗಿಯರು ಯಾರ ಮಾತು ಕೇಳಬೇಕು ಎಂದಷ್ಟೇ ಮಗಳ ಕೈಲಿ ಹೇಳಿಸಿದರು.

ಆ ಚಳಿಗಾಲ ಮತ್ತೊಮ್ಮೆ ಲಕ್ವ ಹೊಡೆದು ಇದ್ದ ಮಾತೂ ನಿಂತಿತು. ಭಾನುವಾರ ಅವರ ಮನೆಗೆ ಹೋಗುತ್ತೇನೆ. ಲೈನಿನ ಸುದ್ದಿ ಹೇಳುತ್ತೇನೆ, ಅವರು ಕೇಳುತ್ತಾರೆ. ಊಟದ ಹೊತ್ತಿನಲ್ಲಿ ನಾನು ಹೋಗಿ ಕುಳಿತರೆ ಹುಡುಗಿಯರು ಸರಿದು ಜಾಗ ಕೊಡುತ್ತಾರೆ, ಆಡುತ್ತಿದ್ದ ಮಾತನ್ನು ಮಾತ್ರ ನಿಲ್ಲಿಸುತ್ತಾರೆ. ಹಾಗಾಗಿ ಈಗ ಸೂಪರ್‌ವೈಸರುಗಳ ಟೇಬಲ್ಲಿನಲ್ಲಿ ಉಣ್ಣುತ್ತೇನೆ.

ಈ ಸಲ ನಾಗರ ಪಂಚಮಿಗೆ ಊರಿಗೆ ಹೋಗಿದ್ದೆ. ತಂಗಿ ನನ್ನ ಮಾತಿನ ಧಾಟಿ ಕೇಳಿ, ಬೆಂಗಳೂರಿನಾಕಿ ಬಂದಳೆಂದು ಓಣಿಗೆಲ್ಲ ಸಾರಿದಳು. ಅವ್ವನ ಜೊತೆ ಹಬ್ಬದ ಸಿಹಿ ಉಂಡಿ ಕಟ್ಟುತ್ತಿದ್ದಾಗ ಲೈನಿನಿಂದ ಫೋನ್ ಬಂತು. ಹುಡುಗಿಯೊಬ್ಬಳು ಅಳುತ್ತಿದ್ದಳು, ಹೊಸ ಹೊಲಿಗೆ ಕೈಗೆ ಹತ್ತುತ್ತಿಲ್ಲವಂತೆ. ಹಿತ್ತಿಲಿಗೆ ಹೋಗಿ, “ಅಳ್ಬೇಡ ಕಣೇ, ಇವತ್ತು ಬಟನ್ ಹಾಕು ಸಾಕು, ನಾನು ಬಂದು ನೋಡ್ತೀನಿ” ಎಂದೆ. ತಿರುಗಿದರೆ ಅವ್ವ ಬಾಗಿಲಲ್ಲಿ ನಿಂತಿದ್ದಳು.

“ಯಾರ ಕೂಡ ಮಾತಾಡಿದಿ? ನಿನ್ನ ದನಿ ನನಗ ಗುರುತ ಹತ್ತಲಿಲ್ಲ” ಎಂದಳು.

ಕೆಲಸದ ಕಡೆಯವರು ಎಂದೆ. ಅದು ಸರೋಜಕ್ಕನ ದನಿ ಎಂದು ಅವ್ವನಿಗೆ ಹೇಗೆ ಹೇಳಲಿ? ನನ್ನದು ಯಾವುದೆಂದು ಕೇಳಿದ್ದರೆ ಅದನ್ನೂ ಹೇಳಲು ಆಗುತ್ತಿರಲಿಲ್ಲ. ಒಳಗೆ ಹೋಗಿ ಅವಳ ಪಕ್ಕ ಕುಳಿತೆ. ಉಳಿದ ಉಂಡಿಗಳನ್ನು ಕಟ್ಟತೊಡಗಿದೆ.