ಹರಿದ ರೊಟ್ಟಿ ಯಾರ ತಟ್ಟೆಗೆ

ನನ್ನ ಮಗಳಿಗೆ ಸೋಲುವುದು ಬರುವುದಿಲ್ಲ. ಈಗ ಆರನೇ ತರಗತಿ. ಉಪ್ಪಲ್‌ನ ಮೈದಾನದಲ್ಲಿ ಓಟದ ಪಂದ್ಯದಲ್ಲಿ ನಾಲ್ಕನೆಯವಳಾದಳು, ಅಂದಿನಿಂದ ಬೂಟು ಮುಟ್ಟಿಲ್ಲ. ಚಿತ್ರ ಕೆಟ್ಟರೆ ಹಾಳೆ ಹರಿಯುತ್ತಾಳೆ, ಲೆಕ್ಕ ತಪ್ಪಿದರೆ ಪುಸ್ತಕ ಮುಚ್ಚುತ್ತಾಳೆ. ಹೀಗೇ ಒಂದೊಂದನ್ನೇ ಬಿಡುತ್ತ ಕೊನೆಗೆ ಯಾವುದಕ್ಕೂ ಕೈ ಹಾಕದವಳಾಗುತ್ತಾಳೆಂದು ನನಗೆ ಹೆದರಿಕೆ. ಬುದ್ಧಿ ಹೇಳಿ ಹೇಳಿ ಬಾಯಿ ನೋವಾಯಿತು.

ಅದಕ್ಕೇ ಒಂದು ಭಾನುವಾರ ಮಲ್ಕಾಜ್‌ಗಿರಿಯ ನಮ್ಮ ಅಡುಗೆಮನೆಯಲ್ಲಿ ಅವಳನ್ನು ಜೋಳದ ಹಿಟ್ಟಿನ ಮುಂದೆ ಕೂರಿಸಿದೆ. ರೊಟ್ಟಿ ಬಡಿಯುವುದು ಮೊದಲ ದಿನವೇ ಯಾರಿಗೂ ಬಂದಿಲ್ಲ. ಎರಡು ಕೆಡಲಿ, ಮೂರನೆಯದಕ್ಕೆ ಕೈ ಕುದುರುತ್ತದೆ ಎಂದುಕೊಂಡಿದ್ದೆ.

ಆದರೆ ಅತ್ತೆಯನ್ನು ಮರೆತಿದ್ದೆ. ಮೊದಲ ರೊಟ್ಟಿಯ ಅಂಚು ಬಿರಿಯುತ್ತಲೇ ಅವರು ಬೆರಳು ಒದ್ದೆ ಮಾಡಿ ಬೆಸೆದು ಹಂಚಿಗೆ ಹಾಕಿದರು, ಮೊಮ್ಮಗಳನ್ನು ಜಾಣೆ ಎಂದರು. ಎರಡನೆಯದಕ್ಕೂ ಅದೇ ಉಪಚಾರ. ಮೂರನೆಯದಕ್ಕೆ ಕೈ ಚಾಚಿದಾಗ ನನಗೆ ತಡೆಯಲಾಗಲಿಲ್ಲ.

“ಬಿಡ್ರಿ ಅತ್ತಿ. ಹರದರ ಹರೀಲಿ.”

ಅವರು ಮುಖ ದಪ್ಪ ಮಾಡಿಕೊಂಡು ಹೊರಗೆ ಹೋದರು. ಮಗಳು ಎತ್ತುವಾಗ ರೊಟ್ಟಿ ಎರಡು ಹೋಳಾಯಿತು. ಅವಳು ಕೈ ಝಾಡಿಸಿ ಎದ್ದು ಬಾಗಿಲಿಗೆ ನಡೆದಳು. ಹರಿದರೆ ಏನಾಯಿತು, ನನಗೂ ಹರಿಯುತ್ತದೆ, ಹರಿದು ಹರಿದೇ ಕಲಿತೆ ಎಂದು ನಾನು ಭಾಷಣ ಶುರು ಮಾಡಿದೆ. ಅವಳು ಅರ್ಧಕ್ಕೇ ತಡೆದಳು.

“ಸುಳ್ಳ ಹೇಳಬ್ಯಾಡ ಅವ್ವಾ. ನಿನ್ನ ಹರದ ರೊಟ್ಟಿ ನಾ ಒಂದೂ ನೋಡಿಲ್ಲ.”

ಹೇಗೆ ನೋಡಿಯಾಳು? ನಮ್ಮಲ್ಲಿ ಹರಿದ ರೊಟ್ಟಿ ಬಡಿದವಳ ಪಾಲು. ಇಡಿಯವು ಗಂಡಸರಿಗೆ, ಬಂದವರಿಗೆ. ಹರಿದದ್ದನ್ನು ಎಲ್ಲರೂ ಉಂಡೆದ್ದ ಮೇಲೆ ಪಲ್ಯದಡಿ ಮುಚ್ಚಿಕೊಂಡು ತಿನ್ನಬೇಕು. ನನ್ನವ್ವ ಹಾಗೆ ತಿಂದಳು, ಮದುವೆಯಾಗಿ ಈ ಊರಿಗೆ ಬಂದ ಮೇಲೆ ನಾನೂ ಹಾಗೇ ತಿಂದೆ. ಇಂಥವಳು ಮಗಳಿಗೆ ಸೋಲಿನ ಪಾಠ ಹೇಳಲು ಕೂತಿದ್ದೇನೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಒಂದು ರೊಟ್ಟಿ ಬಡಿದೆ. ಹಂಚಿಗೆ ಹಾಕುವಾಗ ನಡುವೆ ಹರಿಯಿತು. ಮಗಳು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ನೋಡಲಿ ಎಂದು ಹಾಗೆಯೇ ಬೇಯಿಸಿ ಬುಟ್ಟಿಯ ರೊಟ್ಟಿಗಳೆಲ್ಲದರ ಮೇಲೆ ಇಟ್ಟೆ. ಅವಳು ಬಂದು ಕೂತಳು, ಹೊಸದಾಗಿ ಒಂದು ಉಂಡೆ ಹಿಟ್ಟು ಕೈಗೆ ತೆಗೆದುಕೊಂಡಳು.

ಅಷ್ಟರಲ್ಲಿ ಗಂಡ ಊಟಕ್ಕೆ ಕೂತರು. ನನ್ನ ಕೈ ಹರಿದದ್ದನ್ನು ಪಕ್ಕಕ್ಕೆ ಸರಿಸಿ, ಕೆಳಗಿದ್ದ ಇಡಿ ರೊಟ್ಟಿಯನ್ನು ಅವರ ತಟ್ಟೆಗೆ ಹಾಕಿತು. ಮಗಳು ಉಂಡೆಯನ್ನು ಕೆಳಗಿಟ್ಟಳು.