ನೀರಗಂಟಿ ತಾತನ ರಾಗಿ ಹೊಟ್ಟು

ಅವರ ಅಂಗಿಯ ಎಡ ಜೇಬಿನಲ್ಲಿ ಯಾವಾಗಲೂ ಒಂದು ಹಿಡಿ ರಾಗಿ ಹೊಟ್ಟು ಇರುತ್ತಿತ್ತು. ಬೀಡಿ ಬಲಗಡೆ, ಹೊಟ್ಟು ಎಡಗಡೆ. ಜೇಬು ಕೊಡವದೆ ಅಂಗಿಯನ್ನು ಒಗೆಯಲು ಹಾಕಿದ ದಿನ ಮನೆಮಂದಿಯ ಬಟ್ಟೆಗೆಲ್ಲ ಹೊಟ್ಟು ಹತ್ತಿ, ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದರು.

ದೊಡ್ಡೇರಿ ಹೋಬಳಿಯ ನಮ್ಮೂರಿಗೆ ಅವರು ನೀರಗಂಟಿ. ಕೆರೆಯ ತೂಬು ಎತ್ತಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡುವುದು ಅವರ ಕೆಲಸ. ನೆಂಟಸ್ತಿಕೆ ಏನೂ ಇರಲಿಲ್ಲ, ಆದರೂ ನನಗೆ ತಾತ. ತೂಬು ಎತ್ತುವ ಮೊದಲು ನೀರಿನ ಮೇಲೆ ಹೊಟ್ಟು ಉದುರಿಸಿ, ಅದು ಎತ್ತ ಸಾಗುತ್ತದೆ, ಎಲ್ಲಿ ಸುತ್ತುತ್ತದೆ ಎಂದು ನೋಡುತ್ತಿದ್ದರು. ಆಮೇಲೆ ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದರು. "ನಾನು ಕುಡೀದಿರೋ ನೀರ್ನ ಇನ್ನೊಬ್ರ ಗದ್ದೆಗೆ ಹೆಂಗಮ್ಮ ಬುಡ್ಲಿ?" ಎನ್ನುತ್ತಿದ್ದರು. ನಿಂತಂತೆ ಕಾಣುವ ನೀರಿನೊಳಗೂ ನೀರು ಹರಿಯುತ್ತದೆಂದು ನಾನು ಕಲಿತದ್ದು ಆ ಏರಿಯ ಮೇಲೆ, ಪುಸ್ತಕದಲ್ಲಲ್ಲ.

ಮುಂದೆ ನಾನು ಓದಿದ್ದೂ ಅದನ್ನೇ. ಪೂರ್ವ ಕರಾವಳಿಯಲ್ಲಿ ನದಿಗಳು ತಂದು ಹಾಕುವ ಪ್ಲಾಸ್ಟಿಕ್ಕಿನ ಚೂರುಗಳನ್ನು ಕಡಲಿನ ಪ್ರವಾಹ ಎಲ್ಲಿಗೆ ಒಯ್ಯುತ್ತದೆ ಎಂಬುದು ನನ್ನ ಅಧ್ಯಯನ. ಚೂರುಗಳು ಎಲ್ಲಿಂದ ಹೊರಡುತ್ತವೆಂದು ತಿಳಿಯಲು ಒಳನಾಡಿನ ಕೆಲವು ಕೆರೆಗಳ ನೀರನ್ನೂ ಪರೀಕ್ಷಿಸಬೇಕಿತ್ತು. ನಮ್ಮ ಕೆರೆ ಕೋಡಿ ಬಿದ್ದರೆ ನೀರು ಜಯಮಂಗಲಿಗೆ, ಅಲ್ಲಿಂದ ಪಿನಾಕಿನಿಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ತೂಬಿನ ಬಳಿ ನೀರು ತುಂಬಿಕೊಂಡು ಹೋದೆ.

ಸೂಕ್ಷ್ಮದರ್ಶಕದ ಕೆಳಗೆ ಕಂಡದ್ದು ಬಿಳಿಯ, ಚಪ್ಪಟೆಯ ಎಳೆಗಳು. ನೋಡಿದೊಡನೆ ಗುರುತು ಹತ್ತಿತು. ತೂಬಿನ ಪಕ್ಕದ ಬಿರುಕಿಗೆ ತಾತ ಮೊದಲೆಲ್ಲ ಜೇಡಿಮಣ್ಣು, ಹುಲ್ಲು ಮೆತ್ತುತ್ತಿದ್ದರು. ಅದು ವರ್ಷಕ್ಕೆರಡು ಸಲ ಕೊಚ್ಚಿಹೋಗುತ್ತಿತ್ತು. ಒಂದು ಬೊಗಸೆ ನೀರೂ ಸೋರಬಾರದೆಂದು ಆಮೇಲೆ ಮರಳು ತುಂಬಿದ ಪ್ಲಾಸ್ಟಿಕ್ಕಿನ ಗೊಬ್ಬರದ ಚೀಲಗಳನ್ನು ಒತ್ತತೊಡಗಿದರು. ಅವು ಬಿಸಿಲಿಗೆ ಒಣಗಿ, ನೀರಿಗೆ ನೆನೆದು, ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತಿದ್ದವು. ಆ ನೀರನ್ನೇ ಅವರು ಕುಡಿಯುತ್ತಿದ್ದರು, ಅದೇ ಅವರ ಹೆಮ್ಮೆ.

ಅದನ್ನು ತಾತನಿಗೆ ಹೇಳಲು ಮನಸ್ಸು ಬರಲಿಲ್ಲ. ವರದಿಯಲ್ಲಿ 'ಮೂಲ: ತಿಳಿದಿಲ್ಲ' ಎಂದು ಬರೆದುಕೊಂಡು ಊರಿಗೆ ಬಂದೆ.

"ನಮ್ಮ ಕೆರೇದು ಹೆಂಗೈತಮ್ಮ?" ಎಂದು ತಾತ ಕೇಳಿದರು.

"ಸ್ವಲ್ಪ ಪ್ಲಾಸ್ಟಿಕ್ ಇದೆ ತಾತ. ಹಳ್ಳದ ಕಡೆಯಿಂದ ಬರೋ ಸಂತೆ ಕಸ ಇರಬೇಕು."

ಅವರು ನನ್ನನ್ನೂ ಕರೆದುಕೊಂಡು ಹಳ್ಳ ಕೆರೆಗೆ ಸೇರುವಲ್ಲಿಗೆ ನಡೆದು ಹೊಟ್ಟು ಚೆಲ್ಲಿದರು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, "ಏನಣ್ಣೋ, ಕೆರೆಗೇ ರಾಗಿ ಬಿತ್ತೋಕೆ ಹೊಂಟ್ಯಾ?" ಎಂದು ನಕ್ಕಳು.

"ಬೆಳೆದ್ರೆ ಮೊದ್ಲ ಮುದ್ದೆ ನಿಂಗೇ ಕಣಮ್ಮ," ಎಂದರು, ನೀರಿನಿಂದ ಕಣ್ಣು ತೆಗೆಯದೆ.

ಪಡುವಣ ಗಾಳಿಗೆ ಹೊಟ್ಟು ನಿಧಾನವಾಗಿ ತೇಲಿ, ಏರಿಯ ದೂರದ ಮೂಲೆಯಲ್ಲಿ ಬಾಟಲಿ, ಕಡ್ಡಿಗಳ ಜೊತೆ ಸೇರಿಕೊಂಡಿತು. ತೂಬಿನ ಕಡೆಗೆ ಒಂದು ಕಾಳಷ್ಟೂ ಬರಲಿಲ್ಲ. ಅವರು ತೂಬಿನ ಬಳಿಗೆ ಬಂದು ಉಳಿದ ಹೊಟ್ಟನ್ನು ಉದುರಿಸಿದರು. ಅದು ಎರಡು ಸುತ್ತು ತಿರುಗಿ ಚೀಲಗಳಿಗೆ ಅಂಟಿತು. ನೀರಿಗೆ ಕೈ ಹಾಕಿ ತೆಗೆದರು. ಬೆರಳಿಗೆ ಹೊಟ್ಟಿನ ಜೊತೆ ಬಿಳಿ ಎಳೆಗಳು ಸುತ್ತಿಕೊಂಡಿದ್ದವು.

"ಸಂತೆ ಕಸ ಅಂದ್ಯಲ್ಲಮ್ಮ."

ನಾನು ತಲೆ ತಗ್ಗಿಸಿದೆ. ಅವರು ಎಳೆಗಳನ್ನು ಬೆರಳಿನಿಂದ ಒಂದೊಂದಾಗಿ ಬಿಡಿಸಿ ಅಂಗೈಯಲ್ಲಿಟ್ಟುಕೊಂಡರು.

"ಇದು ಸಮುದ್ರಕ್ಕೂ ಹೋಯ್ತದಾ?"

"ಕೋಡಿ ಬಿದ್ದ ವರ್ಷ ಹೋಗಬಹುದು."

"ಹೋಗಿ ಅಲ್ಲೇ ನಿಂತ್ಕಂತದಾ?"

ಇಲ್ಲವೆಂದೆ. ಆ ಕಡಲಿನ ಅಂಚಿನಲ್ಲಿ ಪ್ರವಾಹ ಬೇಸಿಗೆಯಲ್ಲಿ ಉತ್ತರಕ್ಕೆ ಹರಿಯುತ್ತದೆ, ಮಳೆಗಾಲ ಕಳೆದ ಮೇಲೆ ದಕ್ಷಿಣಕ್ಕೆ ತಿರುಗುತ್ತದೆ, ಚೂರುಗಳೂ ಅದರ ಜೊತೆ ಹೋಗಿ ಎಲ್ಲೋ ಸುಳಿಯಲ್ಲಿ ಸುತ್ತುತ್ತವೆ, ಇನ್ನಾವುದೋ ಊರಿನ ದಡಕ್ಕೆ ಬೀಳುತ್ತವೆ, ಮೀನಿನ ಹೊಟ್ಟೆ ಸೇರುತ್ತವೆ ಎಂದೆ.

"ಅಂಗಾದ್ರೆ ಆ ಊರ್ನೋರು ಇದು ಯಾರ್ದು ಅಂತ ಯಾರ್ನ ಕೇಳ್ಬೇಕು?" ಎಂದರು. ನನ್ನ ಕಡೆ ತಿರುಗಿ, "ನಿನ್ ಪುಸ್ತಕದಾಗೆ ಏನಂತ ಬರ್ದಿದ್ಯಾ?"

ಹೇಳಿದೆ.

"ತಿಳಿದಿಲ್ವಾ? ನಿಂಗೂ ತಿಳಿದದೆ, ನಂಗೂ ತಿಳೀತು. ನೀರಗಂಟಿ ಹಾಕಿದ್ದು ಅಂತ ಬರಿ. ನನ್ ಮುಖ ನೋಡಿ ಸುಳ್ಳು ಬರೀಬ್ಯಾಡ ಕಣಮ್ಮ."

ಅವರು ತೀರಿಕೊಂಡು ಒಂದು ವರ್ಷವಾಯಿತು. ಸುದ್ದಿ ತಲುಪಿದಾಗ ನಾನು ಕಡಲಿನ ಮೇಲೆ ದೋಣಿಯಲ್ಲಿದ್ದೆ, ಮಣ್ಣಿಗೆ ಬರಲಾಗಲಿಲ್ಲ. ಅವರನ್ನು ನೆನೆದರೆ ನನಗೆ ಕಾಣುವುದು ಆ ಮಾತಿನ ಮರುದಿನದ ಬೆಳಗು. ಏರಿಗೆ ಹೋದಾಗ ಅವರು ಆಗಲೇ ಎದೆಮಟ್ಟದ ನೀರಿನಲ್ಲಿ ನಿಂತು ಚೀಲ ಕೀಳುತ್ತಿದ್ದರು. ದಡದಲ್ಲಿ ಜೇಡಿಮಣ್ಣಿನ ಮುದ್ದೆಗಳು ಸಾಲಾಗಿದ್ದವು. ಕಿತ್ತ ಚೀಲಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಂಡು, ಎಳೆ ಉದುರದಂತೆ ಬಕೆಟ್ಟಿಗೆ ಹಾಕಿದೆ. ಆಮೇಲೆ ಕೈ ಒರೆಸಿಕೊಂಡು ಏರಿಯ ಕಲ್ಲಿನ ಮೇಲೆ ಕುಳಿತು ವರದಿ ತೆರೆದೆ. 'ತಿಳಿದಿಲ್ಲ' ಎಂಬುದನ್ನು ಹೊಡೆದು ಹಾಕಿ, ಅವರು ಹೇಳಿದಂತೆಯೇ ಬರೆದೆ. ಬರೆದದ್ದನ್ನು ಅವರಿಗೆ ಕೇಳುವಂತೆ ಓದಿ ಹೇಳಿದೆ.