ಅಜ್ಜಿಗೆ ನಾನು ಹೇಳಿದ ಹೌದುಗಳು

‘ಹಾರ್ಟಿಗೆ ಹೊಸ ವಾಲ್ವ್ ಹಾಕಿಸಿದ್ಮೇಲೆ ನಮ್ಮತ್ತೆ ಮೊದಲಿನ ಥರಾನೇ ಆಗೋಗಿದಾರೆ’ ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ಅಜ್ಜಿ ಮೂರು ಮಹಡಿ ಹತ್ತುತ್ತಾಳೆ, ಏದುಸಿರಿಲ್ಲ, ಮುದ್ದೆ ಬಿಡುವುದಿಲ್ಲ. ಸಾಕ್ಷ್ಯವೆಲ್ಲ ಸರಿ. ತೀರ್ಮಾನ ಮಾತ್ರ ನನಗೆ ಒಪ್ಪಿಗೆಯಿಲ್ಲ.

ಮೊದಲಿನ ಅಜ್ಜಿ ಜಗಳಗಂಟಿ. ಕಾಲೇಜಿನ ಚರ್ಚಾಸ್ಪರ್ಧೆಗಳಿಗಿಂತ ಮೊದಲೇ ನನಗೆ ವಾದ ಕಲಿಸಿದವಳು. ಶ್ರೀಗಂಧದ ಕಾವಲಿನಲ್ಲಿ ನಮ್ಮ ಹೊಲವಿದ್ದ ಕಡೆ ಈಗ ಬಡಾವಣೆ ಎದ್ದಿದೆ, ಅಲ್ಲೇ ನಮ್ಮ ಮನೆ. ಹೊಲದ ಬಾವಿ ಇದ್ದದ್ದು ಬೇಕರಿಯ ಜಾಗದಲ್ಲಿ ಎಂದು ಅವಳು. ಅಲ್ಲ, ಪಾರ್ಕಿನಲ್ಲಿ ಎಂದು ಹಳೇ ನಕ್ಷೆ ಹಿಡಿದ ನಾನು. ದಿನಾ ಸಂಜೆ ಇದೇ.

“ನಕ್ಷೆ ಸುಳ್ಳು ಹೇಳುತ್ತಾ ಅಜ್ಜಿ?”

“ನಕ್ಷೆ ಬರೆದೋನು ಅಲ್ಲಿ ನೀರು ಸೇದಿದ್ನಾ?”

ಆಪರೇಷನ್ ಮುಗಿಸಿ ಕಳಿಸುವಾಗ, ಎದೆಮೂಳೆ ಕೂಡಿಕೊಳ್ಳುವವರೆಗೆ ಭಾರ ಎತ್ತಬಾರದು ಎಂದಷ್ಟೇ ಡಾಕ್ಟರು ಹೇಳಿದ್ದರು. ಅಮ್ಮ ತನ್ನದೊಂದು ಸೇರಿಸಿದಳು.

“ಇನ್ಮೇಲೆ ಅಜ್ಜಿ ಏನಂದ್ರೂ ಹೂಂ ಅನ್ನು.”

“ಡಾಕ್ಟರ್ ಹೇಳಿದ್ರಾ?”

“ಹೇಳ್ಬೇಕಾ? ಎದೆ ಸೀಳಿದಾರೆ ಕಣೇ!”

ಪ್ರತಿವಾದ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಅಜ್ಜಿಯ ರವಿಕೆಯ ಅಂಚಿನಲ್ಲಿ ಇಣುಕುತ್ತಿದ್ದ ಹೊಲಿಗೆ ಗೆರೆ ನೋಡಿ ನುಂಗಿಕೊಂಡೆ.

ಮೂಳೆ ಕೂಡಿತು. ಅಜ್ಜಿ ಈಗ ನೀರಿನ ಕೊಡವನ್ನೂ ಎತ್ತುತ್ತಾಳೆ. ವಾದದ ಮೇಲಿನ ನಿಷೇಧವನ್ನು ಮಾತ್ರ ಯಾರೂ ತೆಗೆಯಲಿಲ್ಲ.

“ಬಾವಿ ಬೇಕರಿ ಹತ್ರಾನೇ ಇದ್ದಿದ್ದು,” ಎಂದಳು ಒಂದು ಸಂಜೆ.

“ಹೌದಜ್ಜಿ.”

ಮುಂದಿನ ವಾರ ಬಾವಿಯನ್ನು ಹೊಸಹಳ್ಳಿ ಮೆಟ್ರೋ ಸ್ಟೇಷನ್ನಿಗೆ ಸಾಗಿಸಿದಳು. “ಇರಬಹುದಜ್ಜಿ,” ಎಂದೆ. ಸಂಜೆಯಾದರೆ ನನ್ನ ಬಾಯಿ ಆ ಜಗಳಕ್ಕಾಗಿ ಹಾತೊರೆಯುತ್ತಿತ್ತು. ಅವಳ ಮುಂದೆ ಕೂತೇ ಅವಳ ನೆನಪಾಗುತ್ತಿತ್ತು.

ಮೊನ್ನೆ ಭಾನುವಾರ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದೆವು. “ಬಾವಿ ಇದ್ದಿದ್ದು ನಂದಿನಿ ಲೇಔಟಲ್ಲಿ ಕಣೇ,” ಎಂದಳು. ನಮ್ಮನೆಯಿಂದ ಅಲ್ಲಿಗೆ ಹೋಗಲು ಬಸ್ಸೇ ಬೇಕು. ಕಾಯಿಯನ್ನು ಕೈಯಲ್ಲೇ ಹಿಡಿದು, ಕಣ್ಣು ಕಿರಿದು ಮಾಡಿ ನನ್ನ ಬಾಯನ್ನೇ ನೋಡುತ್ತಿದ್ದಳು.

“ಹೂಂ ಅಜ್ಜಿ.”

ಅವಳು ಕಾಯಿ ಸುಲಿದು ಕಾಳನ್ನು ಬಟ್ಟಲಿಗೆ ಹಾಕಿದಳು. “ಎಲ್ಲಾರೂ ಭಾರೀ ಒಳ್ಳೇವ್ರಾಗ್ಬಿಟ್ರಿ,” ಎಂದು ಗೋಡೆಯನ್ನೂ ಹಿಡಿಯದೆ ಎದ್ದು ಒಳಗೆ ಹೊರಟಳು.

ಅಮ್ಮ ಅಡುಗೆಮನೆಯಲ್ಲಿದ್ದಳು. ಕೇಳಿಸಿದರೆ ಕೇಳಿಸಲಿ ಎಂದು ಗಟ್ಟಿಯಾಗಿಯೇ ಕೂಗಿದೆ:

“ಅಜ್ಜೀ, ನಂದಿನಿ ಲೇಔಟಿಂದ ದಿನಾ ಬಿಂದಿಗೆ ಹೊತ್ಕೊಂಡು ಯಾವ ಬಸ್ಸಲ್ಲಿ ಬರ್ತಿದ್ದೆ?”